ಅಕ್ಕನ ಅಬ್ಬಲಿಗೆ ಬೀಜ

ನಾನು ಚಿಕ್ಕವಳಿದ್ದಾಗ, ಅಂದರೆ ಬಾವಿಕಟ್ಟೆ ಹತ್ತಲು ಯಾರಾದರೂ ಎತ್ತಬೇಕಿದ್ದಷ್ಟು ಚಿಕ್ಕವಳಿದ್ದಾಗ, ಅವರ್ಸಾ ಊರಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಸಾಲು ಅಬ್ಬಲಿಗೆ ಗಿಡಗಳಿದ್ದವು. ಪೇಟೆಯವರು ಕನಕಾಂಬರ ಎನ್ನುವ ಹೂವೇ ಅದು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಹೂ ಬಿಡುತ್ತಿತ್ತು. ಒಂದು ಮಳೆಗಾಲದಲ್ಲಿ ಮಾತ್ರ ಬೇರು ಕೊಳೆಯುವ ರೋಗ ಬಂದು ಗಿಡಗಳು ಒಂದೊಂದಾಗಿ ಸೊರಗಿದವು. ಕಿತ್ತರೆ ಕಪ್ಪಾದ ಬೇರು, ಹಳಸಿದ ವಾಸನೆ. ಉಳಿದದ್ದು ಬಾವಿಯ ಪಕ್ಕದ ಒಂದೇ ಗಿಡ.

"ಇದ್ರ ಬೀಜಾನೇ ಇಡ್ಬೇಕು. ಇದು ರೋಗಕ್ಕೆ ಬಗ್ಗೂ ಜಾತಿ ಅಲ್ಲ" ಎಂದರು ಅಪ್ಪ.

ಹಣಕೋಣಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ದೀಪಾವಳಿಗೆ ಬಂದವಳು ಆ ಗಿಡದ ಒಣಗಿದ ಕಾಯಿಗಳನ್ನೆಲ್ಲ ಕೊಯ್ದು ಒಂದು ಕರಟದಲ್ಲಿಟ್ಟಳು. ಗಂಡನ ಮನೆಯಲ್ಲೂ ತವರಿನ ಹೂವನ್ನೇ ಮುಡಿಯಬೇಕೆಂದು ಅವಳಿಗೆ ಆಸೆ.

ಅಬ್ಬಲಿಗೆಯ ಒಣಕಾಯಿಗೆ ನೀರು ತಾಗಿದರೆ ಟಪ್ಪೆಂದು ಸಿಡಿಯುತ್ತದೆ. ನಮಗೆ ಮಕ್ಕಳಿಗೆ ಅದೇ ಆಟ. ಅಕ್ಕ ಹೊರಡುವ ದಿನ ಬೆಳಿಗ್ಗೆ ನಾನು ಆ ಕರಟಕ್ಕೆ ಒಂದು ಚೊಂಬು ನೀರು ಸುರಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಟಪ್, ಟಪ್, ಟಪಟಪ. ಬೀಜಗಳು ನನ್ನ ಕೆನ್ನೆಗೆ ಬಡಿದು ಅಂಗಳದ ತುಂಬ ಚಿಮ್ಮಿದವು. ನಾನು ಕುಣಿದೆ. ಕೋಳಿಗಳೂ ಓಡಿಬಂದವು.

"ಏ ತಂಗೀ, ಎಂತಾ ಮಾಡ್ದ್ಯೇ?" ಅರ್ಧ ಹೆಣೆದ ಜಡೆ ಹಿಡಿದೇ ಅಕ್ಕ ಹೊರಬಂದಳು.

"ಕೋಳಿಗೆ ಅಬ್ಬಲಿ ಮುಡಿಸೂಕೆ ಹೊರಟದೆ ನಿನ್ನ ತಂಗಿ" ಎಂದರು ಅಪ್ಪ.

ಅಕ್ಕ ನಗಲಿಲ್ಲ. ಅವಳು ಮತ್ತೆ ಬರುವುದು ಮುಂದಿನ ವರ್ಷವೇ. ನನ್ನ ಅಳು ಶುರುವಾಯಿತು. ಇಬ್ಬರೂ ಮೊಣಕಾಲೂರಿ ಹುಡುಕಿದೆವು. ಕೋಳಿಗಳು ಹೆಕ್ಕಿ ಮುಗಿಸಿದ್ದೇ ಹೆಚ್ಚು. ನಮಗೆ ಸಿಕ್ಕಿದ್ದು ಒಂದು ಚಿಟಿಕೆ. ಅದನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು, "ಅಳ್ಬೇಡ್ವೇ, ಹುಟ್ಟೂದಾದ್ರೆ ಇಷ್ಟೇ ಸಾಕು" ಎಂದು ನನ್ನ ಮುಖ ಒರೆಸಿ ಹೋದಳು.

ವರ್ಷವಿಡೀ ನನಗೆ ಅದೇ ಚಿಂತೆ. ಮರುವರ್ಷ ಅಕ್ಕ ಬಾಗಿಲಲ್ಲಿ ನಿಂತಾಗ ನಾನು ಅವಳ ಮುಖಕ್ಕಿಂತ ಮೊದಲು ಜಡೆ ನೋಡಿದೆ. ಬಾಳೆನಾರಿನಲ್ಲಿ ಕಟ್ಟಿದ ಅಬ್ಬಲಿಗೆ ದಂಡೆ ಇತ್ತು.

ಮಕ್ಕಳೇ, ನಿಮ್ಮ ಕಾರವಾರದ ಮನೆಯ ಕುಂಡದಲ್ಲೂ ಅಬ್ಬಲಿಗೆ ಇದೆ. ರೋಗ ಬರುವುದಿಲ್ಲವೆಂದು ನರ್ಸರಿಯವರು ಹೇಳಿ ಕೊಟ್ಟ ಗಿಡ. ನಿಜ, ಮೂರು ಮಳೆಗಾಲ ಕಳೆದರೂ ಎಲೆ ಬಾಡಿಲ್ಲ, ಹೂವೂ ದೊಡ್ಡದು. ಆದರೆ ಅದು ಬೀಜ ಕಟ್ಟುವ ಜಾತಿಯಲ್ಲ. ರೆಂಬೆ ನೆಟ್ಟೇ ಬೆಳೆಸಬೇಕು.

"ಅಜ್ಜೀ, ಒಣಗಿದ ಹೂವಲ್ಲಿ ಎಂತಾ ಹುಡುಕ್ತೀ?" ಎಂದು ನೀವು ಕೇಳುತ್ತೀರಿ.

ಅಕ್ಕ ಈಗಿಲ್ಲ. ಬೀಜವಿರುವುದಿಲ್ಲ ಎಂದು ಗೊತ್ತಿದ್ದರೂ, ನೀರು ಹಾಕುವಾಗ ಒಣಗಿದ ಒಂದೊಂದೇ ಹೂತೆನೆಯನ್ನು ಹಿಸುಕಿ ನೋಡುತ್ತೇನೆ.