ಖಾರದ ಹೊಗೆ ಮತ್ತು ಒಂದು ನಪಾಸು

ನಿನ್ನೆ ಸಂಜೆ ಹಾವೇರಿಯ ನಮ್ಮ ಮನೆಯಲ್ಲಿ ಹೆಂಡತಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಆ ಘಾಟಿಗೆ ನೀವಾದರೆ ಬರೀ ಕೆಮ್ಮುತ್ತೀರಿ. ನನಗೆ ಕೆಮ್ಮಿನ ಜೊತೆ ನಗುವೂ ಬರುತ್ತದೆ. ಮಗಳಿಗೆ ಮಾತ್ರ ನಗು ಬೇಡವಾಗಿತ್ತು. ಮರುದಿನ ರಾಣೇಬೆನ್ನೂರಿನಲ್ಲಿ ಅವಳ ಗೈಡ್ಸ್ ಪರೀಕ್ಷೆ. ಹಗ್ಗಕ್ಕೆ ಗಂಟು ಹಾಕುವುದು, ಬಿಚ್ಚುವುದು, ಕಣ್ಣೊರೆಸಿಕೊಳ್ಳುವುದು ನಡೆದಿತ್ತು.

"ಅಪ್ಪಾ, ನೀ ಒಂದ ಸಲಕ್ಕ ಪಾಸಾಗೀದಿ. ನಾ ನಪಾಸಾದ್ರ ಹೆಂಗ?"

ಒಂದೇ ಸಲಕ್ಕೆ ಪಾಸಾದ ಆ ಮಹಾಪುರುಷನ ಸಂಗತಿಯನ್ನು ನಿಮಗೆ ಹೇಳಿಬಿಡುತ್ತೇನೆ.

ನಾನಾಗ ಬ್ಯಾಡಗಿಯಲ್ಲಿ ಒಂಬತ್ತನೇ ಇಯತ್ತೆ. ಅಣ್ಣನ ಖಾಕಿ ಚಡ್ಡಿಯನ್ನು ಬೆಲ್ಟಿನ ದಯೆಯಿಂದ ಸೊಂಟದಲ್ಲಿ ನಿಲ್ಲಿಸಿಕೊಂಡ ಸ್ಕೌಟ್ ತಂಡದ ನಾಯಕ. ನಮ್ಮ ನದಾಫ ಮಾಸ್ತರರಿಗೆ ಸಿಟ್ಟು ಬಂದರೆ ಉರ್ದು, ಖುಷಿಯಾದರೆ ಕನ್ನಡ. ನಾವು ಅವರನ್ನು ಹೆಚ್ಚಾಗಿ ಉರ್ದುವಿನಲ್ಲೇ ಕೇಳಿದವರು.

ರಾಣೇಬೆನ್ನೂರಿನ ಬಯಲಿನಲ್ಲಿ ಪರೀಕ್ಷೆ. ಎರಡೇ ಕಡ್ಡಿ ಗೀರಿ ಒಲೆ ಹೊತ್ತಿಸಬೇಕು. ಉರುವಲು ಅಲ್ಲೇ ಆರಿಸಿದ್ದಿರಬೇಕು, ಮನೆಯಿಂದ ತಂದದ್ದು ನಡೆಯದು. ಹಿಂದಿನ ದಿನ ಮಳೆಯಾಗಿ ಪುಳ್ಳೆಯೆಲ್ಲ ಒದ್ದೆ. ಮೊದಲ ಕಡ್ಡಿ ಚುಸ್ ಎಂದಿತು. ಕೂರಲೆಂದು ನಮ್ಮ ಮನೆಯಿಂದ ತಂದ ಗೋಣಿಚೀಲವೊಂದಿತ್ತು. ಗೆಳೆಯ ಬಸ್ಯಾ ಯಾರಿಗೂ ಕಾಣದಂತೆ ಅಡ್ಡ ನಿಂತ, ನಾನು ಚೀಲ ಹರಿದು ಒಲೆಗೆ ತುರುಕಿದೆ. ಎರಡನೇ ಕಡ್ಡಿಗೆ ಬೆಂಕಿ ಭುಗ್ಗೆಂದಿತು. ವರ್ಷಗಟ್ಟಲೆ ಆ ಚೀಲದಲ್ಲಿ ಇದ್ದದ್ದು ಮೆಣಸಿನಕಾಯಿ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಹೊಗೆ ಬಯಲನ್ನೆಲ್ಲ ತುಂಬಿತು. ಪರೀಕ್ಷಕರ ಬಾಯಲ್ಲಿ ಸೀಟಿ. ಒಂದೊಂದು ಕೆಮ್ಮಿಗೂ ಪೀ ಪೀ! ಸೀಟಿ ಕೇಳಿದರೆ ಓಡಿ ಬಂದು ಸಾಲಾಗಿ ನಿಲ್ಲುವುದು ಸ್ಕೌಟ್ ಹುಡುಗರ ರೂಢಿ. ಹಾವೇರಿಯವರೂ ರಾಣೇಬೆನ್ನೂರಿನವರೂ ತಮ್ಮ ಒಲೆ ಬಿಟ್ಟು ನೆಟ್ಟಗೆ ಹೊಗೆಯೊಳಗೇ ಓಡಿ ಬಂದು, ಸಾಲಾಗಿ ನಿಂತು, ಶಿಸ್ತಿನಿಂದ ಸೀನಿದರು.

ಹೊಗೆ ಕರಗಿತು. "ಏನರ ಘಾಟಿನ ಕಟ್ಟಿಗಿ ಇರಬೇಕು. ಬೆಂಕಿ ಹತ್ತೇತಿ, ಪಾಸ್" ಎಂದು ಪರೀಕ್ಷಕರು ಕಣ್ಣೊರೆಸಿಕೊಂಡರು. ನದಾಫ ಮಾಸ್ತರರು ಅಚ್ಚಗನ್ನಡದಲ್ಲಿ ಹೊಗಳತೊಡಗಿದರು. ಅದನ್ನು ಕೇಳಲಾಗಲಿಲ್ಲ ನನಗೆ. ಬಸ್ಯಾ ಚಿವುಟುತ್ತಿದ್ದರೂ ಬಾಯಿ ಬಿಟ್ಟೆ.

"ಸರ್, ಕಟ್ಟಿಗಿ ಅಲ್ಲರಿ. ನಮ್ಮನಿ ಚೀಲ, ನಾನ ಹಾಕೇನ್ರಿ."

ಇಡೀ ತಂಡ ನಪಾಸು. ವಾಪಸು ಬರುವ ಬಸ್ಸಿನಲ್ಲಿ ಬಸ್ಯಾ ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತ. ಮಾಸ್ತರರು "ಬೇವಕೂಫ್!" ಎಂದು ಶುರುಮಾಡಿ ಐದು ನಿಮಿಷ ಉರ್ದುವಿನಲ್ಲಿ ಬೈದರು. ಆಮೇಲೆ ಪಕ್ಕಕ್ಕೆ ಕೂರಿಸಿಕೊಂಡು ಡಬ್ಬಿ ಬಿಚ್ಚಿ, "ಚಪಾತಿ ತಿನ್ನು. ಹಸದಿರಬೇಕು" ಎಂದರು. ಕನ್ನಡದಲ್ಲಿ! ನನಗೆ ಅಳು ಬಂತು.

ಪಾಸಾದದ್ದು ಮುಂದಿನ ವರ್ಷ. ಮಗಳಿಗೆ ಹೇಳುವಾಗ ಮಾತ್ರ ನಪಾಸನ್ನು ನುಂಗಿ, ಪಾಸನ್ನಷ್ಟೇ ಮೆರೆಸಿದ್ದೆ. ಪರೀಕ್ಷಕರ ಮುಂದೆ ಇದ್ದ ಧೈರ್ಯ ಸ್ವಂತ ಮಗಳ ಮುಂದೆ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಿನ್ನೆ ಎಲ್ಲ ಹೇಳಿಬಿಟ್ಟೆ. ಸೀಟಿಯ ಭಾಗಕ್ಕೆ ಅವಳು ಬಿಕ್ಕಳಿಕೆ ಬರುವಷ್ಟು ನಕ್ಕಳು. ಆಮೇಲೆ ದಿಟ್ಟಿಸಿ ನೋಡಿದಳು.

"ಮತ್ತ ನನಗ್ಯಾಕ ಇಷ್ಟ ದಿನ ಸುಳ್ಳು ಹೇಳಿದಿ?"

"ತಪ್ಪಾತವ್ವಾ."

"ಇರ್ಲಿ ಬಿಡು. ನಾ ನಪಾಸಾದ್ರ ಮನಿಗೆ ಬಂದ ಕೂಡ್ಲೆ ಹೇಳ್ತೇನಿ."

ಬೆಳಿಗ್ಗೆ ಬಸ್ಸು ಹತ್ತಿಸಿ ಬಂದಿದ್ದೇನೆ. ಏನು ಹೇಳಿದರೂ ಕೇಳಲು ಬಾಗಿಲಲ್ಲೇ ಕೂತಿದ್ದೇನೆ.