ಎಡೆಗೊಂದು ಕಟ್ಟು ಬೀಡಿ

“ಬಸ್ಸಲ್ಲಿ ಬೀಡಿ ಸೇದೋದನ್ನ ನಿಲ್ಲಿಸ್ಬೇಕು ಕಣ್ರೀ!” ಎಂದು ಕೂಗಾಡುತ್ತಿದ್ದೆ. ಎಪ್ಪತ್ತರ ದಶಕದ ಕೊನೆ. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಬಸ್ಸು ಹೆಬ್ಬಾಳ ದಾಟಿ ಚಿಕ್ಕಜಾಲದತ್ತ ಹೊರಟಿತ್ತು. ಅರ್ಧ ಬಸ್ಸು ನನ್ನ ಕಡೆ, ಇನ್ನರ್ಧ ಬೀಡಿ ಹಚ್ಚಿದವನ ಕಡೆ. ಪಕ್ಕದ ಸೀಟಿನ ಅಜ್ಜಿ ಮಾತ್ರ ಯಾರ ಕಡೆಯೂ ಇರಲಿಲ್ಲ. ಅವರ ಬುಟ್ಟಿಯಲ್ಲಿ ಬಾಳೆ ಎಲೆ, ಹೂವಿನ ಜೊತೆ ಒಂದು ಕಟ್ಟು ಬೀಡಿ ಕಂಡಿತು.

“ನೀವೂ ಸೇದ್ತೀರಾ ಅಜ್ಜಿ?” ಎಂದೆ, ಅದೇ ಸಿಟ್ಟಿನಲ್ಲಿ.

“ಇಲ್ಲ ಕಣಪ್ಪ, ನಮ್ಮ ಯಜಮಾನ್ರ ಎಡೆಗೆ. ಎದೆ ಕೆಟ್ಟು ಆಸ್ಪತ್ರೇಲಿ ಮಲ್ಗಿದ್ದಾಗ ಒಂದೇ ಒಂದು ಕೊಡೇ ಅಂತ ಬೇಡ್ಕೊಂಡ್ರು. ಡಾಕ್ಟ್ರು ಬ್ಯಾಡ ಅಂದಿದ್ರು, ಕೊಡ್ಲಿಲ್ಲ. ಈಗ ವರ್ಸಾ ವರ್ಸಾ ಕಟ್ಟೇ ಇಡ್ತೀನಿ.”

ಬಸ್ಸಿನಲ್ಲಿ ಬೀಡಿ ಸೇದಬಾರದೆಂದು ಇವತ್ತಿಗೂ ವಾದಿಸುತ್ತೇನೆ. ಆದರೆ ಮಹಾಲಯ ಬಂದಾಗ, ಯಾರೂ ಸೇದದ ಆ ಬೀಡಿ ಕಟ್ಟಿನ ನೆನಪಿನ ಮುಂದೆ ನನ್ನಲ್ಲಿ ವಾದವೇ ಇರುವುದಿಲ್ಲ.