ಎಡಗಡೆ ಹಿಂದಿನ ಸದ್ದು

ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ನನ್ನ ಗಂಡ ನನಗೆ ಪಿಕಪ್ ಓಡಿಸಲು ಕಲಿಸಿದರು. ಆ ಹೊತ್ತಿಗೆ ಅವರ ಎರಡೂ ಕಣ್ಣು ಹೋಗಿದ್ದವು.

ನಮ್ಮ ಮನೆ ಬಂಟ್ವಾಳ ಪೇಟೆಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಶಾಲೆಯಲ್ಲಿ ಕಲಿತ ಭಾಷೆ ಕನ್ನಡವಾದ್ದರಿಂದ ನಾವು ಆಡಿದ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಗಂಡ ಆರು ವರ್ಷ ಸೌದಿಯಲ್ಲಿ ದುಡಿದು ಬಂದವರು. ಇನ್ನು ಇನ್ನೊಬ್ಬರ ಅಂಗಡಿಯಲ್ಲಿ ನಿಲ್ಲುವುದು ಬೇಡ ಎಂದು ಒಂದು ಹಳೆಯ ಪಿಕಪ್ ಕೊಂಡು ಮೀನಿನ ವ್ಯಾಪಾರಕ್ಕೆ ಇಳಿದರು. ವಾರದಲ್ಲಿ ಮೂರು ದಿನ ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಮುಂಡಾಜೆಯವರೆಗೆ. ಇನ್ನು ಮೂರು ದಿನ ಮೂಡುಬಿದಿರೆ, ಶಿರ್ತಾಡಿಯ ಕಡೆಗೆ. ಶುಕ್ರವಾರ ರಜೆ.

ಪಿಕಪ್ಪಿನ ಹಿಂಬದಿಯಲ್ಲಿ ಬೂತಾಯಿ, ಬಂಗುಡೆಯ ಪೆಟ್ಟಿಗೆಗಳು, ಮೇಲೆ ಐಸ್. ಐಸ್ ಕರಗಿ ಮೀನಿನ ಉಪ್ಪುನೀರಿನೊಂದಿಗೆ ಸೇರಿ ದಿನವಿಡೀ ಗಾಡಿಯ ಅಡಿಗೆ ತೊಟ್ಟಿಕ್ಕುತ್ತಿತ್ತು. ಸಂಜೆ ಬಂದವರೇ ಅವರು ಹಿಂಬದಿಯನ್ನು ಬ್ರಷ್ ಹಾಕಿ ಉಜ್ಜಿ ತೊಳೆಯುತ್ತಿದ್ದರು. ಆದರೆ ಅಡಿಯನ್ನು ಬಗ್ಗಿ ನೋಡುವವರು ಯಾರು? ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ತಪಾಸಣೆಗೆ ಒಯ್ಯುವ ಮೊದಲು ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ಕಪ್ಪು ಬಣ್ಣ ಬಳಿದರೆ ಮುಗಿಯಿತು. ಬಣ್ಣದ ಕೆಳಗೆ ಏನಾಗುತ್ತಿದೆ ಎಂದು ನಮಗೆ ತಿಳಿಯಲಿಲ್ಲ.

ಅವರ ದೇಹದೊಳಗೆ ಆಗುತ್ತಿದ್ದದ್ದೂ ತಿಳಿಯಲಿಲ್ಲ. ಶುಗರ್ ಇತ್ತು, ಮಾತ್ರೆ ನುಂಗುತ್ತಿದ್ದರು, ಅಷ್ಟೇ. ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಗುರುವಾಯನಕೆರೆಯಿಂದ ಫೋನ್ ಮಾಡಿದರು.

"ಇದಾ, ತಮ್ಮನನ್ನು ಕಳಿಸು."

"ಎಂತ ಆಯ್ತು? ಗಾಡಿ ಹಾಳಾಯ್ತಾ?"

"ಗಾಡಿ ಸರಿ ಉಂಟು. ನನಗೆ ರಸ್ತೆ ಕಾಣುದಿಲ್ಲ."

ಕಣ್ಣಿನೊಳಗೆ ರಕ್ತ ಒಸರಿದೆ ಎಂದರು ಡಾಕ್ಟರರು. ಲೇಸರ್ ಮಾಡಿದರು, ಆಪರೇಶನ್ ಮಾಡಿದರು. ಬಲಗಣ್ಣಿನಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಉಳಿಯಿತು.

ಪಿಕಪ್ ಅಂಗಳದಲ್ಲಿ ನಿಂತಿತು. ಅದಕ್ಕೊಬ್ಬ ಡ್ರೈವರ್ ಸಿಕ್ಕಿದ, ಎರಡು ತಿಂಗಳಲ್ಲಿ ಬಿಟ್ಟುಹೋದ. ನನ್ನ ಗಂಡ ಜಗಲಿಯ ಕುರ್ಚಿಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ಕೂರಲು ಶುರು ಮಾಡಿದರು. ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಇಟ್ಟರೂ ಮರುದಿನ ಮತ್ತೆ ಗೋಡೆಯ ಕಡೆಗೇ. ಅವರಿಗೆ ಎರಡೂ ಒಂದೇ ಆಗಿತ್ತೋ ಏನೋ, ನೋಡುವ ನನಗೆ ತಡೆಯಲಾಗುತ್ತಿರಲಿಲ್ಲ. ಒಂದು ದಿನ ಚಾ ಕೊಡುವಾಗ ಹೇಳಿಬಿಟ್ಟೆ.

"ನನಗೆ ಗಾಡಿ ಓಡಿಸ್ಲಿಕ್ಕೆ ಕಲಿಸಿ."

ಅವರು ನಗಲಿಲ್ಲ. ಸ್ವಲ್ಪ ಹೊತ್ತು ಚಾ ಕುಡಿದು, "ಚಪ್ಪಲಿ ಹಾಕಬೇಡ. ಬರಿಗಾಲಲ್ಲಿ ಕೂತುಕೋ. ಕ್ಲಚ್ ಗೊತ್ತಾಗಬೇಕು" ಎಂದರು.

ಮನೆಯ ಹತ್ತಿರ ಕೆಲಸ ನಿಂತುಹೋದ ಒಂದು ಕೆಂಪುಕಲ್ಲಿನ ಕೋರೆ ಇದೆ. ಅಲ್ಲಿಯವರೆಗೆ ಗಾಡಿ ತಂದುಕೊಟ್ಟದ್ದು ಮೈದುನ. ಆಮೇಲೆ ನಾವಿಬ್ಬರೇ. ಪಕ್ಕದಲ್ಲಿ ಕುಳಿತು ಎಂಜಿನ್ನಿನ ಸದ್ದು ಕೇಳಿ ಅವರು ಹೇಳುತ್ತಿದ್ದರು: "ಈಗ ಅದು ಗೇರ್ ಕೇಳ್ತಾ ಉಂಟು, ಹಾಕು. ಬಿಡು, ಬಿಡು, ಮೆಲ್ಲ ಬಿಡು. ಅಷ್ಟು ಅವಸರ ಎಂತಕ್ಕೆ ಮಾರಾಯ್ತಿ?" ಮೊದಲ ವಾರ ಗಾಡಿ ಕಪ್ಪೆಯ ಹಾಗೆ ಹಾರಿ ಹಾರಿ ನಿಂತಿತು. ಬೇಲಿಯಾಚೆ ನೋಡಲು ಬಂದ ನೆರೆಯವರ ನಗು ನನಗೆ ಕೇಳುತ್ತಿತ್ತು, ಗಂಡನಿಗೂ ಕೇಳುತ್ತಿತ್ತು. ಮರುದಿನ ಮತ್ತೆ ಕೋರೆಗೆ ಹೋದೆವು. ನಾಲ್ಕನೇ ತಿಂಗಳಲ್ಲಿ ನನಗೆ ಲೈಸೆನ್ಸ್ ಬಂತು.

ಹೀಗೆ ನಾವು ಮತ್ತೆ ರಸ್ತೆಗೆ ಬಂದೆವು. ಬೆಳಿಗ್ಗೆ ಬಿ.ಸಿ. ರೋಡಿನಲ್ಲಿ ಮಂಗಳೂರಿನಿಂದ ಬಂದ ಮೀನು ತುಂಬಿಸಿಕೊಂಡು ಹೊರಡುವುದು. ಓಡಿಸುವುದು, ತೂಗುವುದು ನಾನು. ಹಾರ್ನ್, ಮಾತು, ವ್ಯಾಪಾರ ಅವರದು. ಯಾರ ಮನೆಯವರು ಬಂದರು ಎಂದು ಗೇಟಿನ ಸದ್ದಿನಲ್ಲೇ ಹೇಳುತ್ತಿದ್ದರು. ರಸ್ತೆಯೂ ಅವರಿಗೆ ಮೈಯಲ್ಲೇ ಇತ್ತು. "ಈಗ ಎಡಕ್ಕೆ ತಿರುಗುತ್ತದೆ, ಆಚೆಯಿಂದ ಬಸ್ಸು ಬರುವ ಜಾಗ, ಹಾರ್ನ್ ಬೇಕು" ಎನ್ನುತ್ತ ನನಗಿಂತ ಮೊದಲೇ ಅವರ ಕೈ ಹಾರ್ನಿನ ಮೇಲಿರುತ್ತಿತ್ತು. ಗೋಡೆ ನೋಡಿ ಕುಳಿತಿದ್ದ ಮನುಷ್ಯ ಇವರೇನಾ ಅನ್ನಿಸುತ್ತಿತ್ತು.

ಎರಡನೇ ವರ್ಷ, ಮಳೆಗಾಲ ಮುಗಿಯುತ್ತಿದ್ದಂತೆ, ಮೂಡುಬಿದಿರೆಯ ದಾರಿಯಲ್ಲಿ ಅವರು ತಲೆ ಓರೆ ಮಾಡಿದರು.

"ಎಡಗಡೆ ಹಿಂದೆ ಎಂತದೋ ಸದ್ದು ಕೇಳ್ತದೆ."

ನನಗೆ ಏನೂ ಕೇಳಲಿಲ್ಲ. "ಪೆಟ್ಟಿಗೆ ಅಲ್ಲಾಡುವುದು" ಎಂದೆ.

"ಪೆಟ್ಟಿಗೆ ಅಲ್ಲ. ಪ್ಲೇಟು."

ಚಕ್ರದ ಮೇಲೆ ಒಂದರ ಮೇಲೊಂದು ಬಿಲ್ಲಿನ ಹಾಗೆ ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅದಕ್ಕೆ ಪ್ಲೇಟು ಎನ್ನುತ್ತಾರೆ. ಗಾಡಿಯ ಭಾರ ಹೊರುವುದು, ಹೊಂಡದ ಪೆಟ್ಟು ನುಂಗುವುದು ಅದೇ. ಮೂಡುಬಿದಿರೆಯಲ್ಲಿ ನಮ್ಮ ಗಾಡಿಯನ್ನು ಮೊದಲಿನಿಂದ ನೋಡುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಗಂಡನನ್ನು ಎದುರಿನ ಹೋಟೆಲಿನಲ್ಲಿ ಚಾಕ್ಕೆ ಕೂರಿಸಿ ಬಂದೆ. ಮೆಕ್ಯಾನಿಕ್ ಜಾಕಿ ಕೊಟ್ಟು ಅಡಿಗೆ ನುಗ್ಗಿದರು. ಊರೆಲ್ಲ ಕಾಕ ಎಂದು ಕರೆಯುವ ನನ್ನ ಗಂಡ ಹೇಳಿದ್ದು ಸರಿ, ಮೂರನೇ ಪಟ್ಟಿ ತುಂಡಾಗಿತ್ತು. ಅದನ್ನು ಬದಲಿಸಿ ಮುಗಿಸಿದ ಮೇಲೂ ಮೆಕ್ಯಾನಿಕ್ ಹೊರಗೆ ಬರಲಿಲ್ಲ.

"ಅಕ್ಕಾ, ಸ್ವಲ್ಪ ಬಗ್ಗಿ ನೋಡಿ."

ಸುತ್ತಿಗೆಯಿಂದ ಚಾಸಿಯ ಮುಂಭಾಗಕ್ಕೆ ಒಂದು ಪೆಟ್ಟು ಕೊಟ್ಟರು. ಠಣ್ ಎಂದಿತು. ಹಿಂದೆ, ಪ್ಲೇಟಿನ ತುದಿಯನ್ನು ಚಾಸಿಗೆ ಹಿಡಿಸುವ ಜಾಗಕ್ಕೆ ಇನ್ನೊಂದು ಪೆಟ್ಟು. ಅಲ್ಲಿ ಒದ್ದೆ ಮರಕ್ಕೆ ಹೊಡೆದ ಹಾಗೆ ಡಬ್ ಎಂದಿತು, ಕಪ್ಪು ಬಣ್ಣದೊಂದಿಗೆ ಕೆಂಪು ಪದರಗಳು ಹಪ್ಪಳದ ಚೂರಿನ ಹಾಗೆ ಉದುರಿದವು. ಸ್ಕ್ರೂಡ್ರೈವರ್ ತೆಗೆದು ಅಲ್ಲಿಗೆ ಒತ್ತಿದರು. ಒಳಗೆ ಹೋಯಿತು.

"ಪ್ಲೇಟು ಎಷ್ಟು ಹೊಸತು ಹಾಕಿದ್ರೂ ಅದು ಕೂರುವ ಜಾಗ ಬೇಕಲ್ಲ ಅಕ್ಕಾ. ಉಪ್ಪುನೀರು ತಿಂದಿದೆ. ಒಂದು ತೇಪೆ ವೆಲ್ಡ್ ಮಾಡ್ತೇನೆ. ಆದ್ರೆ ವೆಲ್ಡ್ ಹಿಡೀಲಿಕ್ಕೂ ಒಳ್ಳೆ ಕಬ್ಬಿಣ ಬೇಕು. ಹೆಚ್ಚು ದಿನ ಓಡಿಸ್ಬೇಡಿ. ಕಾಕನಿಗೆ ನೀವೇ ಹೇಳಿ."

ನಾನು ಹೇಳಲಿಲ್ಲ.

ಹೋಟೆಲಿನಿಂದ ಕೈ ಹಿಡಿದು ಕರೆತರುವಾಗ, "ನಾನು ಹೇಳಿದ್ದಲ್ವಾ ಪ್ಲೇಟು ಅಂತ?" ಎಂದು ಅವರು ಕೇಳಿದ ರೀತಿಯಲ್ಲೇ ನನ್ನ ಬಾಯಿ ಕಟ್ಟಿತು. ಕಣ್ಣು ಹೋದ ಮೇಲೆ ಅಷ್ಟು ಹೆಮ್ಮೆಯಿಂದ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ. ಗಾಡಿ ಹೋದರೆ ಮತ್ತೆ ಆ ಕುರ್ಚಿ, ಆ ಗೋಡೆ. ಸ್ವಲ್ಪ ದಿನ ಕಳೆಯಲಿ, ಏನಾದರೂ ದಾರಿ ಕಾಣುತ್ತದೆ ಎಂದುಕೊಂಡೆ.

ಅಂದಿನಿಂದ ಪೆಟ್ಟಿಗೆ ಕಡಿಮೆ ತುಂಬಿಸಿದೆ. ಮೀನು ಬಂದದ್ದೇ ಕಡಿಮೆ ಎಂದು ಸುಳ್ಳು ಹೇಳಿದೆ. ಹಂಪ್ ಬಂದರೆ ನಿಂತೇ ಹೋಗುವಷ್ಟು ನಿಧಾನ ಮಾಡಿದೆ. "ಈಗ ನೀನು ತಲೆಯಲ್ಲಿ ಮೊಟ್ಟೆ ಹೊತ್ತವಳ ಹಾಗೆ ಓಡಿಸ್ತೀ" ಎಂದು ಒಂದು ಸಲ ತಮಾಷೆ ಮಾಡಿದರು. ಶುಕ್ರವಾರ ಅವರು ಜುಮಾಕ್ಕೆ ಮಸೀದಿಗೆ ಹೋದಾಗ ಗಾಡಿಯ ಅಡಿಗೆ ಟಾರ್ಚ್ ಬಿಟ್ಟು ತೇಪೆ ನೋಡುತ್ತಿದ್ದೆ. ಒಂದು ಶುಕ್ರವಾರ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಕಂಡಿತು. ಆದರೂ ಶನಿವಾರ ಹೊರಟೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾಲ್ಕು ತಿಂಗಳು ಹಾಗೆ ನಡೆಯಿತು. ಒಂದು ಬೆಳಿಗ್ಗೆ ಶಿರ್ತಾಡಿ ಇನ್ನೇನು ಬಂತು ಎನ್ನುವಾಗ, ಸಣ್ಣ ಏರಿನಲ್ಲಿ, ರಸ್ತೆಗೆ ಅಡ್ಡವಾಗಿ ಪೈಪಿಗೆ ಅಗೆದು ಮುಚ್ಚಿದ ಒಂದು ಗೆರೆ ಇತ್ತು. ದೊಡ್ಡ ಹೊಂಡವೂ ಅಲ್ಲ. ಚಕ್ರ ಅದರ ಮೇಲೆ ಹತ್ತಿ ಇಳಿಯಿತು, ಹಿಂದೆ ಪಟಾಕಿ ಒಡೆದಂತೆ ಸದ್ದಾಯಿತು. ಗಾಡಿ ಎಡಕ್ಕೆ ಕುಸಿದು ಚರಂಡಿಯ ಕಡೆಗೆ ಎಳೆಯಿತು. ನಾನು ಸ್ಟೇರಿಂಗಿಗೆ ಜೋತುಬಿದ್ದೆ.

"ಬ್ರೇಕ್ ಒಮ್ಮೆಲೇ ಬೇಡ! ಸ್ಟೇರಿಂಗ್ ಗಟ್ಟಿ ಹಿಡಿ, ಮೆಲ್ಲ, ಮೆಲ್ಲ!" ಅವರ ಧ್ವನಿ ಕೋರೆಯಲ್ಲಿ ಕಲಿಸುವಾಗಿನಷ್ಟೇ ಶಾಂತವಾಗಿತ್ತು. ಗಾಡಿ ಚರಂಡಿಗೆ ಒಂದು ಮೊಳ ಈಚೆ ನಿಂತಿತು. ಟಯರ್ ಸುಟ್ಟ ವಾಸನೆ.

ಇಳಿದು ನೋಡಿದರೆ ಪ್ಲೇಟು ತನ್ನ ತುದಿಯಲ್ಲಿ ಚಾಸಿಯ ಒಂದು ತುಂಡನ್ನೇ ಕಿತ್ತುಕೊಂಡು ಹೊರಗೆ ಬಂದಿತ್ತು. ಹಿಂಬದಿ ಚಕ್ರದ ಮೇಲೆ ಕೂತಿತ್ತು. ರಸ್ತೆಯ ತುಂಬ ಐಸ್, ಐಸಿನ ನಡುವೆ ಬಂಗುಡೆ. ಹಿಂದೆ ಬಂದ ಬಸ್ಸಿನ ಕಂಡಕ್ಟರ್ ಇಳಿದು, ಪ್ಯಾಂಟ್ ಮಡಚಿ ಮೀನು ಹೆಕ್ಕಲು ಕೂತರು. ನಮ್ಮ ಗಿರಾಕಿಯೊಬ್ಬರು, ಬೀಡಿ ಕಟ್ಟುವ ಹೆಂಗಸು, ಮನೆಯಿಂದ ಎರಡು ಬೇಸಿನ್ ತಂದರು. ಎದುರು ಮನೆಯ ವೃದ್ಧರು ಜೈನರು, ಮೀನಿನ ಹತ್ತಿರ ಬರುವವರಲ್ಲ. ಅವರು ಒಂದು ಹೊರೆ ಬಾಳೆಎಲೆ ಕಡಿದು ತಂದು ದೂರದಲ್ಲಿಟ್ಟು, "ಬಿಸಿಲು ಬೀಳ್ತದೆ, ಮುಚ್ಚಿಬಿಡಿ ಅಮ್ಮಾ" ಎಂದರು. ಮತ್ತೆ ಕೊಡೆ ಹಿಡಿದು ತಿರುವಿನಲ್ಲಿ ನಿಂತು ವಾಹನಗಳನ್ನು ಬದಿಗೆ ಕಳಿಸುತ್ತ ಒಂದು ಗಂಟೆ ಬಿಸಿಲಲ್ಲೇ ಇದ್ದರು.

ಈ ಗಲಾಟೆಯಲ್ಲಿ ನಾನು ಗಂಡನನ್ನು ಮರೆತಿದ್ದೆ. ತಿರುಗಿ ನೋಡಿದರೆ ಅವರು ಗಾಡಿಯನ್ನು ಸವರುತ್ತ ಹಿಂದಕ್ಕೆ ಬಂದು, ಗೋಣಿ ಹಾಸಿ ರಸ್ತೆಯಲ್ಲಿ ಮಲಗಿ, ಕೈ ಒಳಗೆ ತೂರಿಸಿದ್ದರು. ಬೆರಳುಗಳು ಹರಿದ ಜಾಗದ ಅಂಚಿನಲ್ಲಿ ಹೋದವು, ತೇಪೆಯ ಮೇಲೆ ಹೋದವು, ಅಲ್ಲಿ ನಿಂತವು. ಒಂದು ಹಿಡಿ ತುಕ್ಕು ಕೈಯಲ್ಲಿ ಹಿಡಿದುಕೊಂಡೇ ಎದ್ದು ಕೂತರು.

"ಇಲ್ಲಿ ವೆಲ್ಡ್ ಮಾಡಿದ್ದು ಯಾವಾಗ?"

"ಪ್ಲೇಟು ಹಾಕಿದ ದಿನ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಓಡಿಸಿದೆ. ಇಷ್ಟು ದಿನ." ಧ್ವನಿ ಏರಲಿಲ್ಲ. ಮುಷ್ಟಿ ಬಿಚ್ಚಿ ತುಕ್ಕನ್ನು ರಸ್ತೆಗೆ ಉದುರಿಸಿದರು. "ನೀನು ಸತ್ತಿದ್ರೆ?"

ಗಾಡಿಯನ್ನು ಮೂಡುಬಿದಿರೆಯ ಮೆಕ್ಯಾನಿಕ್‌ಗೆ ಒಪ್ಪಿಸಿ ಬಸ್ಸಿನಲ್ಲಿ ಮನೆಗೆ ಬಂದೆವು. ನನ್ನ ಹೆಗಲ ಮೇಲೆ ಅವರ ಕೈ ಇತ್ತು. ಎರಡು ದಿನ ಊಟಕ್ಕೆ ಕರೆದರೆ ಬಂದರು, ಉಂಡರು, ಎದ್ದರು. ಮೂರನೇ ದಿನ ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವಾಗ ಗೋಡೆ ಹಿಡಿದು ಬಂದು ಹೊಸ್ತಿಲಲ್ಲಿ ಕೂತರು.

"ಮುಂಡಾಜೆಯ ಮದುವೆಗೆ ನಿನ್ನನ್ನೂ ಮಗಳನ್ನೂ ಗಾಡಿಯಲ್ಲಿ ಕರ್ಕೊಂಡು ಹೋಗಿದ್ದೆ. ನೆನಪುಂಟಾ?"

"ಉಂಟು." ಹಾಸ್ಟೆಲಿನಲ್ಲಿ ಓದುವ ಮಗಳು ರಜೆಗೆ ಬಂದಿದ್ದಾಗ ನಡೆದ ನೆಂಟರ ಮದುವೆ; ಅವರು ಗುರುವಾಯನಕೆರೆಯಿಂದ ಫೋನ್ ಮಾಡಿದ್ದಕ್ಕಿಂತ ಎರಡು ತಿಂಗಳು ಹಿಂದಿನ ಮಾತು.

"ಆಗಲೇ ನನ್ನ ಎಡಗಣ್ಣು ಹೋಗಿತ್ತು. ಬಲಗಣ್ಣಲ್ಲಿ ಕೂಡ ಕಪ್ಪು ಎಳೆ ಎಳೆ ಓಡಾಡ್ತಿತ್ತು. ಹೇಳಿದ್ರೆ ನೀನು ಗಾಡಿ ಮುಟ್ಲಿಕ್ಕೆ ಬಿಡ್ಲಿಕ್ಕಿಲ್ಲ ಅಂತ ಹೇಳ್ಲಿಲ್ಲ. ನೀವಿಬ್ಬರೂ ಪಕ್ಕದಲ್ಲಿ ಕೂತು ನಗ್ತಿದ್ರಿ. ಆವಾಗಲೇ ಡಾಕ್ಟರ್ ಹತ್ರ ಹೋಗಿದ್ರೆ ಒಂದು ಕಣ್ಣಾದರೂ ಉಳೀತಿತ್ತೋ ಏನೋ. ನಿನ್ನ ಮೇಲೆ ಸಿಟ್ಟು ಮಾಡ್ಕೊಂಡೆ. ನಾನು ಮಾಡಿದ್ದು ಅದಕ್ಕಿಂತ ದೊಡ್ಡದು."

ನಾನು ತುರಿಯುವುದನ್ನು ಬಿಟ್ಟು ಅವರ ಪಕ್ಕದಲ್ಲಿ ಕೂತೆ. ಎಷ್ಟು ಹೊತ್ತು ಕೂತಿದ್ದೆವೋ, ಒಲೆಯ ಮೇಲಿನ ಅನ್ನ ತಳ ಹಿಡಿಯಿತು. "ಇನ್ನು ಗಾಡಿಗೆ ಆಗ್ಲಿ, ನಮಗೆ ಆಗ್ಲಿ, ಎಂತ ಆದ್ರೂ ಅದೇ ದಿನ ಹೇಳುವ" ಎಂದರು. ಹೇಳುವ ಎಂದೆ.

ಮೆಕ್ಯಾನಿಕ್ ಇನ್ನು ಪ್ರಯೋಜನವಿಲ್ಲ ಎಂದರು. ಬೇರೆ ಚಾಸಿ ಹಾಕಬಹುದು, ಆದರೆ ಆ ಗಾಡಿಗೆ ಅಷ್ಟು ಮಾಡುವುದರಲ್ಲಿ ಅರ್ಥವಿಲ್ಲ. ಗುಜರಿಯವರು ಬಂದು ಎಳೆದುಕೊಂಡು ಹೋದರು. ಹೋಗುವ ಮೊದಲು ನನ್ನ ಗಂಡ ಬಾನೆಟ್ ಮೇಲೆ ಕೈಯಿಟ್ಟು ಒಂದು ನಿಮಿಷ ನಿಂತರು.

ಒಂದೂವರೆ ತಿಂಗಳು ಮನೆಯಲ್ಲೇ ಕಳೆಯಿತು. ಆದರೆ ಈ ಸಲ ಅವರು ಗೋಡೆಗೆ ಮುಖ ಮಾಡಲಿಲ್ಲ. ದಿನವಿಡೀ ಹಳೆಯ ಗಿರಾಕಿಗಳಿಗೆ ಫೋನ್ ಮಾಡಿ ಎಲ್ಲಿ ಒಳ್ಳೆಯ ಗಾಡಿ ಉಂಟು ಎಂದು ವಿಚಾರಿಸಿದರು. ಕೊನೆಗೆ ಮುಂಡಾಜೆಯಲ್ಲಿ ಹೂವಿನ ಗಿಡ ಮಾರುವವರೊಬ್ಬರು ತಮ್ಮ ಪಿಕಪ್ ಕೊಡುತ್ತಾರೆಂದು ತಿಳಿಯಿತು. ನಾವು ಬಸ್ಸಿನಲ್ಲಿ ಹೋದೆವು. ನನ್ನ ಗಂಡ ಅಂಗಿ ಕಳಚಿ ನನ್ನ ಕೈಗೆ ಕೊಟ್ಟು, ಗಾಡಿಯ ಅಡಿಗೆ ಹೋಗಿ, ಚಾಸಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದರು. ಉಗುರಿನಿಂದ ಕೆರೆದರು, ನಾಣ್ಯದಿಂದ ಬಡಿದರು. ಪ್ಲೇಟುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಗಿಡದವರು ಮೊದಲು ಬೆರಗಾಗಿ ನಿಂತಿದ್ದರು, ಆಮೇಲೆ ತಾವೂ ಬಗ್ಗಿ, "ಅಲ್ಲಿ ಸ್ವಲ್ಪ ಮಣ್ಣುಂಟು ಕಾಕ, ತುಕ್ಕಲ್ಲ" ಎಂದು ಹೇಳತೊಡಗಿದರು. ಒಂದು ಗಂಟೆಯ ಮೇಲೆ ನನ್ನ ಗಂಡ ಹೊರಗೆ ಬಂದು, "ಇದು ಉಪ್ಪು ಕಂಡ ಗಾಡಿ ಅಲ್ಲ" ಎಂದರು. ಹೇಗೋ ಹೊಂದಿಸಿ ಅದನ್ನೇ ಕೊಂಡೆವು. ಹಿಂಬದಿಗೆ ದಪ್ಪ ಶೀಟ್ ಹಾಸಿ, ನೀರು ಚಾಸಿಗೆ ತಾಗದೆ ಹಿಂದಕ್ಕೆ ಹೋಗುವಂತೆ ಒಂದು ಪೈಪ್ ಇಡಿಸುವುದೆಂದು ಅಲ್ಲೇ ತೀರ್ಮಾನವಾಯಿತು.

ಮೊದಲ ಸಲ ಅದನ್ನು ಓಡಿಸಿಕೊಂಡು ಮನೆಗೆ ಹೊರಟಾಗ ಬೆಳ್ತಂಗಡಿಯವರೆಗೆ ಅವರು ಬರೀ ಕೇಳುತ್ತ ಕೂತಿದ್ದರು. ಎಂಜಿನ್, ಗೇರ್, ಹಿಂದಿನ ಚಕ್ರ. ಆಮೇಲೆ ಒಮ್ಮೆಲೇ ನೆನಪಾದವರ ಹಾಗೆ ಕೇಳಿದರು.

"ಅದೆಲ್ಲ ಇರ್ಲಿ, ಇದರ ಬಣ್ಣ ಯಾವುದು?"

"ಬಿಳಿ."

"ಛೇ. ಬಿಳಿಯಲ್ಲಿ ಕೊಳೆ ಬೇಗ ಕಾಣ್ತದೆ."

"ಯಾರಿಗೆ?" ಎಂದುಬಿಟ್ಟೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಅವರು ನಗಲು ಶುರು ಮಾಡಿದರು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ತಡೆಯಲಾಗದೆ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಯಿತು.